ಕಾರ್ಖಾನೆ ಯಾರ ಮಾತು ಕೇಳುತ್ತದೆ? ತಿರುಪ್ಪೂರಿನ ಉಪ್ಪಿನ ಲೆಕ್ಕ

ಒಂದು ಕಿಲೋ ಹತ್ತಿ ಬಟ್ಟೆಗೆ ಗಾಢ ಕಪ್ಪೋ ಕಡುನೀಲಿಯೋ ಬಣ್ಣ ಹಾಕಲು ಸುಮಾರು ಅರ್ಧ ಕಿಲೋ ಉಪ್ಪು ಬೇಕು. ಟೀ ಶರ್ಟಿನ ಬಟ್ಟೆಗೆ ಬಳಸುವುದು ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣಗಳನ್ನು. ನೀರಿನಲ್ಲಿ ನೆನೆದ ಹತ್ತಿಯ ಎಳೆಗೂ ಬಣ್ಣದ ಕಣಕ್ಕೂ ಋಣ ವಿದ್ಯುದಂಶ ಇರುವುದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಈ ತಳ್ಳಾಟ ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರಕ್ಕೆ ತರುತ್ತದೆ. ಆಮೇಲೆ ಸೋಡಾ ಆಶ್ ಹಾಕಿ ಬಣ್ಣ ಕೂರಿಸುತ್ತಾರೆ. ಲೀಟರಿಗೆ 70 ಗ್ರಾಂ ಉಪ್ಪು, ಕಿಲೋ ಬಟ್ಟೆಗೆ 7 ಲೀಟರ್ ನೀರು ಎಂದು ಹಿಡಿದರೆ 490 ಗ್ರಾಂ. ಇದರಲ್ಲಿ ಬಟ್ಟೆಯಲ್ಲಿ ಉಳಿಯುವುದು ಏನೂ ಇಲ್ಲ. ತೊಳೆದ ನೀರಿನ ಜೊತೆ ಉಪ್ಪಷ್ಟೂ ಹೊರಗೆ ಹೋಗುತ್ತದೆ. ಎಳೆಗೆ ಹತ್ತದೆ ಉಳಿದ ಬಣ್ಣವೂ ಅದರ ಹಿಂದೆಯೇ.

ದಿನಕ್ಕೆ 10 ಟನ್ ಬಟ್ಟೆಗೆ ಗಾಢ ಬಣ್ಣ ಹಾಕುವ ಘಟಕವೊಂದು ಹೀಗೆ ದಿನಕ್ಕೆ 5 ಟನ್ ಉಪ್ಪು ಹೊರಗೆ ಬಿಡುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಸಣ್ಣದು ದೊಡ್ಡದು ಸೇರಿ 700ಕ್ಕೂ ಹೆಚ್ಚು ಡೈಯಿಂಗ್ ಘಟಕಗಳಿದ್ದವು. ಅವುಗಳ ನೀರೆಲ್ಲ ಹರಿದದ್ದು ನೊಯ್ಯಲ್ ನದಿಗೆ. ನೊಯ್ಯಲ್ ಮುಂದೆ ಹೋಗಿ ಸೇರುವುದು ಕಾವೇರಿಗೆ.

ಕಂಪನಿಗಳು ಪರಿಸರದ ವಿಷಯದಲ್ಲಿ ಯಾಕೆ ಸುಧಾರಿಸುತ್ತವೆ ಎಂದು ಕೇಳಿದರೆ ಸಿದ್ಧ ಪಟ್ಟಿಯೊಂದು ಸಿಗುತ್ತದೆ: ಕಾನೂನು, ಉಳಿತಾಯ, ಗ್ರಾಹಕ, ಹೂಡಿಕೆದಾರ, ಒಳ್ಳೆಯ ಹೆಸರು, ನೌಕರರ ಒತ್ತಾಯ. ಪಟ್ಟಿ ಸರಿಯಾಗಿಯೇ ಇದೆ, ಯಾವುದರ ತೂಕ ಎಷ್ಟು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಎರಡು ಪ್ರಶ್ನೆ ಕೇಳಿದರೆ ತೂಕ ತಾನಾಗಿ ತಿಳಿಯುತ್ತದೆ. ಕಾರ್ಖಾನೆಗೆ ಬೇಕೇ ಬೇಕಾದ ಒಂದನ್ನು, ಅಂದರೆ ಕರೆಂಟು, ಆರ್ಡರು, ಸಾಲ ಅಥವಾ ಮಾರುಕಟ್ಟೆಯನ್ನು, ತಡೆಹಿಡಿಯುವ ಅಧಿಕಾರ ಯಾರ ಕೈಯಲ್ಲಿದೆ? ಮಾಲಿನ್ಯದ ಅಳತೆ ಯಾರ ಕೈಯಲ್ಲಿದೆ? ಈ ಎರಡಕ್ಕೂ ತಿರುಪ್ಪೂರಿನಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಊರು ನಮ್ಮ ಅಕ್ಕಪಕ್ಕದಲ್ಲಿ ಇನ್ನೊಂದಿಲ್ಲ.

ದಂಡಕ್ಕೆ ಬಗ್ಗದ್ದು ಬೀಗಕ್ಕೆ ಬಗ್ಗಿತು

1990ರ ದಶಕದಲ್ಲೇ ತಿರುಪ್ಪೂರಿನಲ್ಲಿ ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ ಘಟಕಗಳು ಬಂದಿದ್ದವು. ಬಣ್ಣ ಇಳಿಸಲು ಸುಣ್ಣ, ಫೆರಸ್ ಸಲ್ಫೇಟ್. ಕೊಳೆ ತಿನ್ನಲು ಬ್ಯಾಕ್ಟೀರಿಯಾ. ಹೊರಬಂದ ನೀರು ನೋಡಲು ತಿಳಿಯಾಗಿರುತ್ತಿತ್ತು. ಆದರೆ ಬ್ಯಾಕ್ಟೀರಿಯಾ ಉಪ್ಪು ತಿನ್ನುವುದಿಲ್ಲ. ಹೊರಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ಕಾಗದದ ಮೇಲಿತ್ತು. ಡೈಯಿಂಗ್ ನೀರಿನಲ್ಲಿ ಅದರ ಎರಡು ಮೂರು ಪಟ್ಟು ಇರುತ್ತಿತ್ತು. ನೀರಾವರಿಗೆಂದು ನೊಯ್ಯಲ್‌ಗೆ ಅಡ್ಡ ಕಟ್ಟಿದ ಒರತುಪಾಳಯಂ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಬಣ್ಣದ ನೀರಿನ ಕೆರೆಯಾಯಿತು. ಆ ನೀರು ನಮ್ಮ ಹೊಲಕ್ಕೆ ಬಿಡಬೇಡಿ ಎಂದು ಅಚ್ಚುಕಟ್ಟಿನ ರೈತರೇ ಬೇಡಿಕೊಳ್ಳುವಂತಾಯಿತು. ನೊಯ್ಯಲ್ ಅಚ್ಚುಕಟ್ಟುದಾರರ ಸಂಘ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು.

2006ರ ಡಿಸೆಂಬರಿನಲ್ಲಿ ಹೈಕೋರ್ಟು ಕೊಟ್ಟ ಆದೇಶ ಗಮನಿಸಬೇಕಾದದ್ದು. 2007ರ ಜುಲೈ 31ರೊಳಗೆ ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಆಗಬೇಕು. ಅಲ್ಲಿಯವರೆಗೆ ಹೊರಬಿಟ್ಟ ಪ್ರತಿ ಲೀಟರಿಗೂ ದಂಡ. ಮೊದಲು 6 ಪೈಸೆ, ಆಮೇಲೆ 8, ಕೊನೆಗೆ 10. ಕಿಲೋ ಬಟ್ಟೆಗೆ 60 ಲೀಟರ್ ತ್ಯಾಜ್ಯನೀರು ಎಂದರೆ 10 ಪೈಸೆ ದರದಲ್ಲಿ ಕಿಲೋಗೆ 6 ರೂಪಾಯಿ. ನೀರನ್ನು ಪೂರ್ತಿ ಶುದ್ಧ ಮಾಡಿ ಉಪ್ಪು ಬೇರ್ಪಡಿಸಲು ಲೀಟರಿಗೆ ಆ 10 ಪೈಸೆಗಿಂತ ಹೆಚ್ಚೇ ಬೀಳುತ್ತದೆ. ಹಾಗಾದಾಗ ದಂಡವೂ ನೂಲು, ಕರೆಂಟು, ಕೂಲಿಯ ಸಾಲಿನಲ್ಲಿ ಇನ್ನೊಂದು ಖರ್ಚು, ಅಷ್ಟೇ. 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಎತ್ತಿಹಿಡಿದು ಮೂರು ತಿಂಗಳು ಕಾಲಾವಕಾಶ ಕೊಟ್ಟಿತು. ಅದೂ ಮುಗಿಯಿತು. ರೈತರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. 2011ರ ಜನವರಿ 28ರಂದು ಹೈಕೋರ್ಟು ಎಲ್ಲ ಡೈಯಿಂಗ್ ಘಟಕಗಳನ್ನೂ ಮುಚ್ಚಿಸಿ ವಿದ್ಯುತ್ ಸಂಪರ್ಕ ಕಡಿಯುವಂತೆ ಹೇಳಿತು.

ಹದಿನೈದು ವರ್ಷ ಆಗದ್ದು ಇಲ್ಲಿಂದ ಶುರುವಾಯಿತು. ಹೆಣಿಗೆ (ನಿಟ್ಟಿಂಗ್), ಹೊಲಿಗೆಯ ಕಾರ್ಖಾನೆಗಳಿಗೆ ಬೀಗ ಬಿದ್ದಿರಲಿಲ್ಲ, ಆದರೆ ಹೊಲಿಯಲು ಬಣ್ಣದ ಬಟ್ಟೆ ಎಲ್ಲಿದೆ? ವಿದೇಶಿ ಖರೀದಿದಾರನ ಋತು ಕಾಯುವುದಿಲ್ಲ. ಸಾಗಣೆಯ ದಿನಾಂಕ ತಪ್ಪಿದರೆ ಆರ್ಡರು ಬೇರೆ ಊರಿಗೆ ಹೋಗುತ್ತದೆ. ಇಷ್ಟು ವರ್ಷ ರೈತರ ಕಡೆ ತಿರುಗಿ ನೋಡದ ರಫ್ತುದಾರರು ಈಗ ತಮ್ಮದೇ ಊರಿನ ಡೈಯಿಂಗ್ ಮಾಲೀಕರ ಬೆನ್ನು ಹತ್ತಿದರು. ರಾಜ್ಯ ಸರ್ಕಾರ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟಿತು. ಸಾಮೂಹಿಕ ಘಟಕಗಳು ಒಂದೊಂದಾಗಿ ಹೊಸ ಯಂತ್ರ ಕೂರಿಸಿ, ಪರೀಕ್ಷಾರ್ಥ ಓಟ ತೋರಿಸಿ, ಮತ್ತೆ ತೆರೆದವು. ಕೋಲು ಮತ್ತು ಸಾಲ ಎರಡೂ ಒಟ್ಟಿಗೆ ಬಂದದ್ದು ಇಲ್ಲಿ ಮುಖ್ಯ. ಬರೀ ಸಾಲ ಕೊಟ್ಟಿದ್ದರೆ ಯಂತ್ರ ಬಂದು ತುಕ್ಕು ಹಿಡಿಯುತ್ತಿತ್ತು. ಬರೀ ಬೀಗ ಹಾಕಿದ್ದರೆ ಸಣ್ಣ ಘಟಕಗಳು ಅಲ್ಲಿಗೇ ಮುಗಿಯುತ್ತಿದ್ದವು. ಬೀಗ ಬಿದ್ದ ಕಾಲದಲ್ಲಿ ಒಂದಷ್ಟು ಡೈಯಿಂಗ್ ಕೆಲಸ, ಅಕ್ರಮ ಘಟಕಗಳೂ ಸೇರಿ, ಕೋರ್ಟಿನ ಕಣ್ಣಿಲ್ಲದ ಅಕ್ಕಪಕ್ಕದ ಜಿಲ್ಲೆಗಳಿಗೆ ಜಾರಿತು ಎಂಬುದನ್ನೂ ಇದೇ ಲೆಕ್ಕದಲ್ಲಿ ಬರೆಯಬೇಕು.

ಉಪ್ಪನ್ನು ಹಿಂದಕ್ಕೆ ತರುವ ದಾರಿ

ಕೋರ್ಟು ಹೇಳಿದ, ಒಂದು ಹನಿಯೂ ಹೊರಬಿಡದ ವ್ಯವಸ್ಥೆಯ ಹೆಸರು ಝೀರೋ ಲಿಕ್ವಿಡ್ ಡಿಸ್‌ಚಾರ್ಜ್, ಎಲ್ಲರ ಬಾಯಲ್ಲಿ ಝಡ್‌ಎಲ್‌ಡಿ. ಮೊದಲು ಎಲ್ಲ ಘಟಕಗಳ ನೀರು ಒಂದು ದೊಡ್ಡ ತೊಟ್ಟಿಗೆ ಬಂದು ಬೆರೆಯುತ್ತದೆ. ಬೆಳಿಗ್ಗೆ ಕಪ್ಪು, ಮಧ್ಯಾಹ್ನ ಬ್ಲೀಚಿಂಗ್ ನೀರು ಹೀಗೆ ಏರುಪೇರಾಗಿ ಬರುವುದನ್ನು ಸಮ ಮಾಡದಿದ್ದರೆ ಮುಂದಿನ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ. ಬ್ಯಾಕ್ಟೀರಿಯಾ ತೊಟ್ಟಿಯ ನಂತರ ಮರಳು ಮತ್ತು ಸೂಕ್ಷ್ಮ ಜಾಲರಿಯ ಸೋಸುವಿಕೆ, ಉಳಿದ ಬಣ್ಣ ಮತ್ತು ನೀರಿನ ಗಡಸುತನ (ಕ್ಯಾಲ್ಸಿಯಂ, ಮೆಗ್ನೀಷಿಯಂ) ತೆಗೆಯುವ ರೆಸಿನ್, ಕೊನೆಗೆ ಮೂರು ನಾಲ್ಕು ಹಂತದ ಆರ್‌ಒ. ಇಲ್ಲಿಗೆ ಶೇ 85ರಷ್ಟು ನೀರು ಮತ್ತೆ ಬಣ್ಣ ಹಾಕಲು ಯೋಗ್ಯವಾಗಿ ಸಿಗುತ್ತದೆ.

ಉಳಿದ ಶೇ 15ರಲ್ಲಿ ಉಪ್ಪಷ್ಟೂ ಸೇರಿಕೊಂಡಿರುತ್ತದೆ. ಲೀಟರಿಗೆ 6 ಗ್ರಾಂ ಉಪ್ಪಿನ ನೀರು ಒಳಗೆ ಬಂದಿದ್ದರೆ, ಈಗ ಲೀಟರಿಗೆ 40 ಗ್ರಾಂ. ಮೊದಲ ಯೋಜನೆಗಳಲ್ಲಿ ಈ ದಟ್ಟ ನೀರನ್ನೆಲ್ಲ ಎವಾಪರೇಟರಿಗೆ ಹಾಕಿ ಕುದಿಸಿ ಆರಿಸುವ ವಿಚಾರವಿತ್ತು. ನಾಲ್ಕು ಹಂತದ ಎವಾಪರೇಟರಿನಲ್ಲಿ ಒಂದು ಟನ್ ಹಬೆಯಿಂದ ಮೂರೂವರೆ ಟನ್ ನೀರು ಆರಿದರೆ ಹೆಚ್ಚು. ಬಾಯ್ಲರಿಗೆ ಸೌದೆ ಹಾಕಿ ಹಾಕಿ ಘಟಕ ದಿವಾಳಿಯಾಗುವ ಸ್ಥಿತಿ.

ಪರಿಹಾರ ಕಂಡದ್ದು ಆ 40 ಗ್ರಾಂ ಎಂಬ ಅಂಕಿಯಲ್ಲೇ. ಬಣ್ಣದ ತೊಟ್ಟಿಗೆ ಬೇಕಾದದ್ದು ಲೀಟರಿಗೆ 70 ಗ್ರಾಂ. ಅಂದರೆ ಬೇಡವೆಂದು ಕುದಿಸುತ್ತಿದ್ದ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಉಪ್ಪು ಆಗಲೇ ಸಿದ್ಧವಿದೆ. ಅದನ್ನು ಕುದಿಸುವುದು ಯಾಕೆ? ಕ್ಯಾಲ್ಸಿಯಂ, ಮೆಗ್ನೀಷಿಯಂ ಮತ್ತು ಉಳಿದ ಬಣ್ಣ ತೆಗೆದು, ಹಾಗೇ ದ್ರವರೂಪದಲ್ಲಿ ಘಟಕಗಳಿಗೆ ವಾಪಸು ಕಳಿಸಿದರೆ, ಕಡಿಮೆ ಬಿದ್ದ ಉಪ್ಪನ್ನಷ್ಟೇ ಮೇಲೆ ಸೇರಿಸಿದರಾಯಿತು. ತಮಿಳುನಾಡು ವಾಟರ್ ಇನ್ವೆಸ್ಟ್‌ಮೆಂಟ್ ಕಂಪನಿ ಅರುಳ್‌ಪುರಂ ಸಾಮೂಹಿಕ ಘಟಕದಲ್ಲಿ ಈ ಬ್ರೈನ್ (ದಟ್ಟ ಉಪ್ಪುನೀರು) ವಿಧಾನವನ್ನು ನಡೆಸಿ ತೋರಿಸಿತು. ಎವಾಪರೇಟರಿಗೆ ಹೋಗುವ ನೀರು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಕೆಡುವುದು ಎಲ್ಲಿ? ಮೊದಲನೆಯದು ಉಪ್ಪಿನ ಜಾತಿಯಲ್ಲಿ. ಡೈಯಿಂಗಿಗೆ ಅಡುಗೆ ಉಪ್ಪೂ ಆಗುತ್ತದೆ, ಗ್ಲಾಬರ್ ಉಪ್ಪು ಎಂಬ ಸೋಡಿಯಂ ಸಲ್ಫೇಟೂ ಆಗುತ್ತದೆ. ಸೋಡಿಯಂ ಸಲ್ಫೇಟಿಗೆ ಒಂದು ಒಳ್ಳೆಯ ಗುಣವಿದೆ: 32 ಡಿಗ್ರಿಗಿಂತ ಕೆಳಕ್ಕೆ ತಣ್ಣಗಾದಂತೆ ಕರಗುವ ಶಕ್ತಿ ಬೇಗ ಕುಸಿದು ಹರಳಾಗಿ ತಳ ಸೇರುತ್ತದೆ. ಅಡುಗೆ ಉಪ್ಪು ತಣ್ಣಗಾದರೂ ಕರಗಿಯೇ ಇರುತ್ತದೆ. ಹಾಗಾಗಿ ಒಂದು ಸಾಮೂಹಿಕ ಘಟಕದ ಸದಸ್ಯರೆಲ್ಲ ಗ್ಲಾಬರ್ ಉಪ್ಪನ್ನೇ ಬಳಸಿದರೆ ಶುದ್ಧ ಉಪ್ಪು ವಾಪಸು ಸಿಗುತ್ತದೆ. ಅಗ್ಗವೆಂದು ಒಬ್ಬಿಬ್ಬರು ಅಡುಗೆ ಉಪ್ಪು ಸುರಿದರೆ ಸಿಗುವುದು ಮಿಶ್ರ ಉಪ್ಪು. ಅದನ್ನು ಯಾರೂ ಕೊಳ್ಳುವುದಿಲ್ಲ, ಶೆಡ್ಡಿನಲ್ಲಿ ಮೂಟೆ ಮೂಟೆ ಬೀಳುತ್ತದೆ. ಎರಡನೆಯದು ಗಡಸುತನ: ಸರಿಯಾಗಿ ತೆಗೆಯದಿದ್ದರೆ ಎವಾಪರೇಟರಿನ ಕೊಳವೆಯೊಳಗೆ ಕಲ್ಲುಪೊರೆ ಕಟ್ಟಿ ಶಾಖ ಹಾಯುವುದೇ ನಿಲ್ಲುತ್ತದೆ. ಮೂರನೆಯದು ಬಟ್ಟೆ ಮೆತ್ತಗಾಗಲು ಹಾಕುವ ಎಣ್ಣೆ, ಸಿಲಿಕೋನು; ಇವು ಆರ್‌ಒ ಪೊರೆಯ ಆಯಸ್ಸನ್ನು ತಿಂದು ಹಾಕುತ್ತವೆ. ಇವುಗಳ ಮೇಲೆ ರಾತ್ರಿ ಹೊತ್ತು ಮೀಟರ್ ತಪ್ಪಿಸಿ ಹೊರಬಿಡುವ ಪೈಪು ಒಂದಿದ್ದರೆ ಯಂತ್ರದ ಮಾತು ಅಲ್ಲಿಗೆ ಮುಗಿಯಿತು.

ಇದರಿಂದ ಲಾಭವಿದೆಯೇ? ವಾಪಸು ಬಂದ ಉಪ್ಪಿಗೆ ಕಿಲೋಗೆ 12 ರೂಪಾಯಿ ಎಂದು ಹಿಡಿದರೂ ಟನ್ ಬಟ್ಟೆಗೆ ಆರು ಸಾವಿರ ರೂಪಾಯಿಯೊಳಗೆ. ಕೊಳ್ಳಬೇಕಿದ್ದ ನೀರಿನ ಹಣ ಬೇರೆ. ಇವೆರಡೂ ಖರ್ಚಿನ ಒಂದು ಭಾಗವನ್ನು ತುಂಬುತ್ತವೆ, ಪೂರ್ತಿಯನ್ನಲ್ಲ. ಝಡ್‌ಎಲ್‌ಡಿ ತನ್ನ ಖರ್ಚು ತಾನೇ ದುಡಿಯುತ್ತದೆ ಎಂದು ಸಮ್ಮೇಳನಗಳಲ್ಲಿ ಹೇಳುವುದು ಅತಿಯಾಯಿತು. ಲೆಕ್ಕ ಕೂಡುವುದು ಬೇರೆ ಕಾರಣಕ್ಕೆ: ಊರಿನ ಎಲ್ಲರ ಮೇಲೂ ಒಂದೇ ಭಾರ ಬಿದ್ದದ್ದರಿಂದ ಡೈಯಿಂಗ್ ದರದಲ್ಲೇ ಅದು ಸೇರಿಹೋಯಿತು. ಇದೇ ಕೆಲಸವನ್ನು ನದಿಗೆ ಬಿಟ್ಟು ಅಗ್ಗದಲ್ಲಿ ಮಾಡುವ ಇನ್ನೊಂದು ಊರು ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ತಿರುಪ್ಪೂರಿನವರ ಗೊಣಗಾಟಕ್ಕೂ ನ್ಯಾಯವಿದೆ.

ಅಳೆಯುವವನಿಗೆ ಸಂಬಳ ಕೊಡುವವರು ಯಾರು

ಗುಜರಾತಿನಲ್ಲಿ ಮಾಲಿನ್ಯ ಹೆಚ್ಚಿರುವ ಕಾರ್ಖಾನೆಗಳು ವರ್ಷಕ್ಕೊಮ್ಮೆ ಖಾಸಗಿ ಪರಿಸರ ಆಡಿಟರುಗಳಿಂದ ತಪಾಸಣೆ ಮಾಡಿಸಿ ವರದಿ ಕೊಡಬೇಕೆಂಬ ಪದ್ಧತಿ ಇತ್ತು. ಆಡಿಟರನನ್ನು ಆರಿಸುವುದೂ ಶುಲ್ಕ ಕೊಡುವುದೂ ಕಾರ್ಖಾನೆಯೇ. ಚಿಮಣಿ ಹೊಗೆಯ ಕಣಗಳಿಗೆ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬಹುಪಾಲು ಅಂಕಿಗಳು 150ರ ಕೆಳಗೆ, ಅದಕ್ಕೆ ಅಂಟಿಕೊಂಡಂತೆ ಗುಂಪಾಗಿ ಕೂತಿದ್ದವು. ಉಂಡ ಮನೆಯ ಜಂತೆ ಎಣಿಸಲು ಯಾರಿಗೆ ಮನಸ್ಸು ಬರುತ್ತದೆ?

ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕೆಲವು ಕಾರ್ಖಾನೆಗಳಿಗೆ ಆಡಿಟರನನ್ನು ಚೀಟಿ ಎತ್ತಿದಂತೆ ನೇಮಿಸಿದರು. ಶುಲ್ಕ ಒಂದು ಸಾಮಾನ್ಯ ನಿಧಿಯಿಂದ ಬಂತು. ಆಡಿಟರನ ಅಳತೆಯಲ್ಲಿ ಕೆಲವನ್ನು ಇನ್ನೊಬ್ಬರು ಹೋಗಿ ಮರುಪರೀಕ್ಷೆ ಮಾಡಿದರು. ಎರಡನೇ ವರ್ಷ ಸರಿಯಾಗಿ ಅಳೆದವರಿಗೆ ಹೆಚ್ಚು ಹಣ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿತಿ ಮೀರಿದ ಕಾರ್ಖಾನೆಯನ್ನು 'ಸರಿಯಾಗಿದೆ' ಎಂದು ಸುಳ್ಳು ಬರೆಯುವುದು ಶೇ 80ರಷ್ಟು ಇಳಿಯಿತು. ಅದಕ್ಕಿಂತ ದೊಡ್ಡದು, ಆ ಕಾರ್ಖಾನೆಗಳ ಮಾಲಿನ್ಯವೂ ನಿಜವಾಗಿ ಇಳಿಯಿತು. ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ.

ಸೂರತ್ತಿನ ಕಥೆ ಇದರ ಮುಂದಿನ ಪಾಠ. ಅಲ್ಲೂ ಹೆಚ್ಚಿನವು ಬಟ್ಟೆಗೆ ಬಣ್ಣ ಹಾಕುವ, ಕಲ್ಲಿದ್ದಲು ಬಾಯ್ಲರಿನ ಕಾರ್ಖಾನೆಗಳೇ. 2019ರಲ್ಲಿ ಅಲ್ಲಿ ಹೊಗೆಕಣಗಳ ಪರ್ಮಿಟ್ ಮಾರುಕಟ್ಟೆ ಶುರುವಾಯಿತು. ಎಲ್ಲರೂ ಸೇರಿ ಬಿಡಬಹುದಾದ ಕಣಗಳ ಒಟ್ಟು ತೂಕಕ್ಕೆ ಮಿತಿ. ಕಡಿಮೆ ಬಿಟ್ಟವರು ಉಳಿದ ಪರ್ಮಿಟ್ ಮಾರಬಹುದು, ಹೆಚ್ಚು ಬಿಟ್ಟವರು ಕೊಳ್ಳಬೇಕು. ಮಾರುಕಟ್ಟೆಯಲ್ಲಿದ್ದ ಕಾರ್ಖಾನೆಗಳ ಹೊಗೆಕಣ ಶೇ 20ರಿಂದ 30ರಷ್ಟು ಇಳಿಯಿತು. ಹೋಲಿಕೆಗೆಂದು ಇಟ್ಟುಕೊಂಡ ಕಾರ್ಖಾನೆಗಳ ಚಿಮಣಿಗೂ ಸತತ ಅಳತೆಯ ಯಂತ್ರ ಇತ್ತು ಎಂಬುದು ಇಲ್ಲಿನ ಸೂಕ್ಷ್ಮ. ಹಾಗಾಗಿ ಈ ಇಳಿಕೆ ಮೀಟರಿನದಷ್ಟೇ ಅಲ್ಲ. ಮಿತಿಯೊಂದೇ ಇದ್ದಾಗ 149ಕ್ಕೆ ಬಂದವನಿಗೆ 100ಕ್ಕೆ ಇಳಿಯಲು ಕಾರಣವಿಲ್ಲ; ಪ್ರತಿ ಕಿಲೋಗೂ ಬೆಲೆ ಇದ್ದರೆ ಕಾರಣ ಸಿಗುತ್ತದೆ. ತಪಾಸಣೆಯ ಸಂಖ್ಯೆಯನ್ನೇ ಸುಮಾರು ದುಪ್ಪಟ್ಟು ಮಾಡಿದ ಇನ್ನೊಂದು ಗುಜರಾತ್ ಪ್ರಯೋಗದಲ್ಲಿ ಮಾಲಿನ್ಯ ಹೆಚ್ಚೇನೂ ಇಳಿಯಲಿಲ್ಲ.

ನಮ್ಮ ದಂಡದ ಲೆಕ್ಕವನ್ನು ಈ ಬೆಳಕಿನಲ್ಲಿ ನೋಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಪರಿಹಾರ ಸೂತ್ರದಲ್ಲಿ ಐದು ಅಂಶಗಳ ಗುಣಾಕಾರ ಇದೆ: ಮಾಲಿನ್ಯ ಸೂಚ್ಯಂಕ (ಅತಿ ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ 80, ಕಿತ್ತಳೆಗೆ 50, ಹಸಿರಿಗೆ 30), ತಪ್ಪು ನಡೆದ ದಿನಗಳು, ರೂಪಾಯಿ ಅಂಶ (ಸಾಮಾನ್ಯವಾಗಿ 250), ಕಾರ್ಖಾನೆಯ ಗಾತ್ರ (ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5), ಊರಿನ ಜನಸಂಖ್ಯೆಗೆ ತಕ್ಕ ಅಂಶ (1ರಿಂದ 2). ಸಣ್ಣ ಊರಿನ ಕೆಂಪು ವರ್ಗದ ಸಣ್ಣ ಘಟಕಕ್ಕೆ ದಿನಕ್ಕೆ 10,000 ರೂಪಾಯಿ. ಅದೇ ಊರಿನ ದೊಡ್ಡ ಕಾರ್ಖಾನೆಗೆ 30,000. ವಹಿವಾಟಿನ ಅಳತೆಯಲ್ಲಿ ನೋಡಿದರೆ ಸಣ್ಣವನಿಗೆ ಇದು ಉಸಿರುಗಟ್ಟಿಸುವ ಮೊತ್ತ, ದೊಡ್ಡವನಿಗೆ ಅತಿಥಿ ಸತ್ಕಾರದ ಖರ್ಚು. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು ಜನ ವಿಶ್ವಾಸ ಕಾಯ್ದೆ 2023 ತೆಗೆದು, 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಜೈಲಿಗೆ ಹೋದವರು ಮೊದಲೂ ವಿರಳವೇ. ಕಾರ್ಖಾನೆಯವರು ಇವತ್ತಿಗೂ ಹೆದರುವುದು ಜಲ ಕಾಯ್ದೆಯ 33ಎ ಕಲಮಿಗೆ: ಮಂಡಳಿ ಅದರಡಿ ಮುಚ್ಚುವ ಆದೇಶ ಹೊರಡಿಸಿ ವಿದ್ಯುತ್ ಕಂಪನಿಗೆ, ನಮ್ಮಲ್ಲಾದರೆ ಬೆಸ್ಕಾಂನಂಥವರಿಗೆ, ಸಂಪರ್ಕ ಕಡಿಯಲು ಬರೆಯಬಹುದು.

ಕಣ್ಣೆದುರಿಗೇ ಬಿದ್ದಿರುವ ಉಳಿತಾಯ

ಕಾನೂನಿನ ಹಂಗಿಲ್ಲದೆ ಬರೀ ಉಳಿತಾಯದ ಆಸೆಗೆ ಕಂಪನಿಗಳು ಬದಲಾಗುವುದಿಲ್ಲವೇ? ಆಗುತ್ತವೆ, ಎಣಿಸಿದ್ದಕ್ಕಿಂತ ಕಡಿಮೆ. 15 ಕಿಲೋವ್ಯಾಟಿನ ಮೋಟರು ವರ್ಷಕ್ಕೆ 6,000 ಗಂಟೆ ಓಡಿದರೆ, ಯೂನಿಟ್ಟಿಗೆ 8 ರೂಪಾಯಿಯಂತೆ ಕರೆಂಟಿಗೇ 8 ಲಕ್ಷ. ಮೋಟರಿನ ಬೆಲೆ ಲಕ್ಷದೊಳಗೆ. ದಕ್ಷತೆ ಶೇ 90ರಿಂದ 93ಕ್ಕೆ ಏರಿದರೆ ವರ್ಷಕ್ಕೆ ಸುಮಾರು 25,800 ರೂಪಾಯಿ ಉಳಿತಾಯ. ಕಂಪ್ರೆಸರ್ ಪೈಪಿನಲ್ಲಿ 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತೊಂದು 3ರಿಂದ 4 ಕಿಲೋವ್ಯಾಟ್ ನುಂಗುತ್ತದೆ. ಅದೇ 6,000 ಗಂಟೆಗೆ ಸುಮಾರು ಒಂದೂವರೆಯಿಂದ ಎರಡು ಲಕ್ಷ. ಆದರೂ ಸುಟ್ಟ ಮೋಟರನ್ನು ಮತ್ತೆ ಮತ್ತೆ ರಿವೈಂಡ್ ಮಾಡಿಸುತ್ತಾರೆ, ಗಾಳಿ ಸುಯ್ಯೆನ್ನುತ್ತಲೇ ಇರುತ್ತದೆ. ಯಾಕೆಂದರೆ ಮೋಟರು ಕೊಳ್ಳುವುದು ಖರೀದಿ ವಿಭಾಗ, ಅವರ ಜಾಣತನ ಅಳೆಯುವುದು ಕೊಂಡ ಬೆಲೆಯಲ್ಲಿ. ಕರೆಂಟ್ ಬಿಲ್ಲು ಬೇರೆ ತಲೆಬರಹದಲ್ಲಿ ಹೋಗುತ್ತದೆ. ಶೆಡ್ಡು ಬಾಡಿಗೆಯದಾದರೆ ಮಾಲೀಕನಿಗೆ ಬಿಲ್ಲಿನ ಚಿಂತೆಯಿಲ್ಲ, ಬಾಡಿಗೆದಾರನಿಗೆ ಕಟ್ಟಡದ ಚಿಂತೆಯಿಲ್ಲ. ಎರಡು ವರ್ಷದೊಳಗೆ ಹಣ ವಾಪಸು ಬರದ ಯೋಜನೆಗೆ ಮಂಜೂರಾತಿಯೂ ಕಷ್ಟ.

ಉಳಿತಾಯ ದೊಡ್ಡದಾಗಿ, ಕೆಲಸ ನಿಲ್ಲಿಸದೆ, ಒಂದೇ ಸಹಿಗೆ ಸಿಗುವಂತಿದ್ದರೆ ಮಾತ್ರ ಜನ ಓಡೋಡಿ ಬರುತ್ತಾರೆ. ಕರ್ನಾಟಕದಲ್ಲಿ 2018ರ ಮಾರ್ಚ್ 31ರೊಳಗೆ ಶುರುವಾಗುವ ಸೌರ ಸ್ಥಾವರಗಳಿಗೆ ಹತ್ತು ವರ್ಷ ವ್ಹೀಲಿಂಗ್ (ಗ್ರಿಡ್ಡಿನ ತಂತಿಯಲ್ಲಿ ಕರೆಂಟು ಸಾಗಿಸುವ), ಬ್ಯಾಂಕಿಂಗ್ (ಹೆಚ್ಚಾದದ್ದನ್ನು ಗ್ರಿಡ್ಡಿನಲ್ಲಿ ಜಮಾ ಇಡುವ) ಶುಲ್ಕದಿಂದ ವಿನಾಯಿತಿ ಇತ್ತು. ಎಚ್‌ಟಿ (ಹೈ ಟೆನ್ಷನ್, ದೊಡ್ಡ ಬಳಕೆದಾರರ) ದರ ಕಟ್ಟುತ್ತಿದ್ದ ಕಾರ್ಖಾನೆ, ಐಟಿ ಕಂಪನಿಗಳಿಗೆ ಅದಕ್ಕಿಂತ ಅಗ್ಗದ ಕರೆಂಟು ದೂರದ ಪಾವಗಡ, ಚಿತ್ರದುರ್ಗದ ಬಿಸಿಲಿನಿಂದ ಸಿಗುವಂತಾಯಿತು. ಗಡುವಿನ ಹಿಂದಿನ ತಿಂಗಳುಗಳಲ್ಲಿ ಸ್ಥಾವರಗಳು ಮುಗಿಬಿದ್ದವು.

ಗುರಿ ಸಡಿಲವಾದರೆ ಉಳಿತಾಯದ ಮಾರುಕಟ್ಟೆಯೂ ಸಪ್ಪೆ. ಇಂಧನ ದಕ್ಷತೆಯ ಪ್ಯಾಟ್ ಯೋಜನೆಯಲ್ಲಿ ಗುರಿ ಮೀರಿ ಉಳಿಸಿದವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು, ಗುರಿ ತಪ್ಪಿದವರು ಅದನ್ನು ಕೊಳ್ಳಬೇಕಿತ್ತು. ಅದರ ಮೊದಲ ಸುತ್ತಿನಲ್ಲಿ (2012ರಿಂದ 2015) 478 ದೊಡ್ಡ ಘಟಕಗಳಿದ್ದವು. ಗುರಿ 66.9 ಲಕ್ಷ ಟನ್ ತೈಲಕ್ಕೆ ಸಮನಾದ ಉಳಿತಾಯ, ಆದದ್ದು 86.7 ಲಕ್ಷ. ಸಾಧನೆ ಎನ್ನಬಹುದು. ಗುರಿಯೇ ಹಗುರವಿತ್ತು ಎಂದೂ ಓದಬಹುದು, ಯಾಕೆಂದರೆ ಮಾರುವವರು ಹೆಚ್ಚಾಗಿ ಸರ್ಟಿಫಿಕೇಟಿನ ಬೆಲೆ ಕುಸಿಯಿತು.

ಕೊಳ್ಳುವವನು, ಗಡಿ, ವರದಿ

ಖರೀದಿದಾರರ ಒತ್ತಡಕ್ಕೆ ಬಟ್ಟೆ ಉದ್ಯಮದಲ್ಲೇ ಉದಾಹರಣೆ ಇದೆ. 2011ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆ ವಿಷಕಾರಿ ರಾಸಾಯನಿಕಗಳ ವಿರುದ್ಧ ನಡೆಸಿದ ಡಿಟಾಕ್ಸ್ ಪ್ರಚಾರದ ನಂತರ ದೊಡ್ಡ ಬ್ರಾಂಡುಗಳು ಕೂಡಿ ಝಡ್‌ಡಿಎಚ್‌ಸಿ ಎಂಬ ಒಕ್ಕೂಟ ಕಟ್ಟಿದವು. ಡೈಯಿಂಗಿನಲ್ಲಿ ಬಳಸಬಾರದ ರಾಸಾಯನಿಕಗಳ ಪಟ್ಟಿ ಬಂತು. ಪಟ್ಟಿ ಕೆಲಸ ಮಾಡಿದೆ, ಏಕೆಂದರೆ ಆರ್ಡರು ತಡೆಹಿಡಿಯುವ ಅಧಿಕಾರ ಅವರಲ್ಲಿದೆ. ಕೊರತೆ ಒಂದೇ: ತಪಾಸಣೆಗೆ ಬರುವವರು ಒಬ್ಬರು, ದರ ಚೌಕಾಸಿ ಮಾಡುವವರು ಇನ್ನೊಬ್ಬರು. ಶುದ್ಧವಾಗಿ ಮಾಡಿದ್ದಕ್ಕೆ ಹೆಚ್ಚು ದರ ಸಿಗುವುದು ಅಪರೂಪ.

ಉಕ್ಕಿಗೆ ಈಗ ಗಡಿಯೇ ಕಾವಲು. ಯುರೋಪಿನ ಸಿಬ್ಯಾಮ್, ಅಂದರೆ ಆಮದಾಗುವ ಸರಕಿನ ಇಂಗಾಲಕ್ಕೆ ಗಡಿಯಲ್ಲಿ ಶುಲ್ಕ, 2026ರ ಜನವರಿ 1ರಿಂದ ಹಣದ ಹಂತಕ್ಕೆ ಬಂತು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. ಇಂಗಾಲದ ಬೆಲೆ ಟನ್ನಿಗೆ 70 ಯೂರೋ ಎಂದುಕೊಂಡರೆ ಪೂರ್ತಿ ಹೊರೆ 175 ಯೂರೋ. ಯುರೋಪಿನ ಕಾರ್ಖಾನೆಗಳಿಗೆ ಇಂಗಾಲ ಬಿಡಲು ಉಚಿತ ಪರ್ಮಿಟ್ ಇರುವಷ್ಟು ದಿನ ಇದರಲ್ಲಿ ರಿಯಾಯಿತಿ ಇದೆ: 2026ರಲ್ಲಿ ಶೇ 2.5 ಮಾತ್ರ ಲೆಕ್ಕಕ್ಕೆ, 2030ಕ್ಕೆ ಶೇ 48.5, 2034ಕ್ಕೆ ಪೂರ್ತಿ. ಇದು ಮೇಲುಮೇಲಿನ ಲೆಕ್ಕ, ಆಯಾ ಸರಕಿಗೆ ಯುರೋಪು ಇಟ್ಟ ಇಂಗಾಲದ ಮಾನದಂಡದ ಪಾಲು ಕಳೆದ ಮೇಲೆ ಅಂಕಿ ಬದಲಾಗುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಯುರೋಪಿಗೆ ಹೋಗುವ ಉಕ್ಕಿಗೂ ಇದು ಅನ್ವಯ. ಪರಿಶೀಲಿಸಿದ ಅಂಕಿ ಕೊಡದ ಕಂಪನಿಗೆ ಪೂರ್ವನಿಗದಿತ ದುಬಾರಿ ಅಂಕಿ ಹಚ್ಚುತ್ತಾರೆ, ಹಾಗಾಗಿ ಅಳೆಯದಿರುವುದೇ ನಷ್ಟ. ಸ್ವದೇಶದಲ್ಲಿ ಕಟ್ಟಿದ ಇಂಗಾಲದ ಬೆಲೆಯನ್ನು ಈ ಶುಲ್ಕದಲ್ಲಿ ಕಳೆಯಬಹುದು. 2023ರಲ್ಲಿ ಅಧಿಸೂಚನೆಯಾದ ಭಾರತದ ಕಾರ್ಬನ್ ಕ್ರೆಡಿಟ್ ಮಾರುಕಟ್ಟೆಯನ್ನು ಉದ್ಯಮ ಅಷ್ಟೊಂದು ವಿರೋಧಿಸದಿರುವುದಕ್ಕೆ ಇದೂ ಒಂದು ಕಾರಣ ಎನಿಸುತ್ತದೆ: ಹೇಗೂ ಕೊಡುವ ಹಣ ಬ್ರಸೆಲ್ಸಿಗಿಂತ ಇಲ್ಲೇ ಉಳಿಯಲಿ.

ಹೂಡಿಕೆದಾರರಿಗಾಗಿ, ಕಂಪನಿಯ ಪರಿಸರ ಮತ್ತು ಸಾಮಾಜಿಕ ನಡತೆಯ ಲೆಕ್ಕ ಕೊಡುವ, ಷೇರುಪೇಟೆಯ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ ವರದಿ 2022-23ರಿಂದ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. ಓದುವವರು ಮುಖಪುಟದ ಮರದ ಚಿತ್ರ ದಾಟಿ ನಾಲ್ಕು ಕಡೆ ನೋಡಿದರೆ ಸಾಕು. ಅಂಕಿಗಳಿಗೆ ಹೊರಗಿನವರ ದೃಢೀಕರಣ ಇದೆಯೇ, ಯಾವ ಸಾಲುಗಳಿಗೆ? ಯಾವ ಕಾರ್ಖಾನೆಗಳನ್ನು ಲೆಕ್ಕದಿಂದ ಬಿಟ್ಟಿದ್ದಾರೆ? ಇಳಿಕೆ ತೋರಿಸಿರುವುದು ಒಟ್ಟು ಪ್ರಮಾಣದಲ್ಲೋ, ಬರೀ ಕೋಟಿ ರೂಪಾಯಿ ವಹಿವಾಟಿಗೆ ಇಷ್ಟು ಎಂಬ ಲೆಕ್ಕದಲ್ಲೋ? ಎರಡನೆಯದಾದರೆ ಬೆಲೆ ಏರಿದ ವರ್ಷ ಏನೂ ಮಾಡದೆಯೂ ಅಂಕಿ ಇಳಿಯುತ್ತದೆ. ಕೊನೆಯದಾಗಿ, ಬಣ್ಣ ಹಾಕುವುದು, ಚರ್ಮ ಹದ ಮಾಡುವುದು, ಲೋಹಕ್ಕೆ ಲೇಪ ಕೊಡುವುದು ಮುಂತಾದ ಕೊಳೆ ಕೆಲಸವನ್ನು ಹೊರಗಿನ ಸಣ್ಣ ಘಟಕಗಳಿಗೆ ವಹಿಸಿದ್ದರೆ, ಆ ನೀರಿನ ಲೆಕ್ಕ ವರದಿಯಲ್ಲಿ ಬಂದಿದೆಯೇ?